ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ

ಗಂಡಸರ ಧೈರ್ಯದ ಬಗ್ಗೆ ಮದುವೆಯಾಗುವವರೆಗೂ ನನಗೆ ತುಂಬ ಗೌರವವಿತ್ತು. ಆಮೇಲೂ ಕೆಲವು ವರ್ಷ ಉಳಿದಿತ್ತು. ನಮ್ಮ ಯಜಮಾನರು ಬಚ್ಚಲಿಗೆ ಬಂದ ಹಾವಿನ ಮರಿಯನ್ನು ಕೋಲಿನಿಂದೆತ್ತಿ ಪಕ್ಕದ ಖಾಲಿ ಸೈಟಿಗೆ ಬಿಟ್ಟು ಬಂದವರು. ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ಜೇಬಿಗೆ ಕೈ ಹಾಕಿದವನ ಕೈಯನ್ನು ಪೊಲೀಸರು ಬರುವವರೆಗೂ ಬಿಡದೆ ಹಿಡಿದು ನಿಂತವರು. ಇಂಥ ಮನುಷ್ಯ ಒಂದು ಔಷಧದಂಗಡಿಯ ಮುಂದೆ ಬೆವರುವುದನ್ನು ಕಣ್ಣಾರೆ ಕಂಡ ದಿನ ಆ ಗೌರವ ಮನೆ ಬಿಟ್ಟು ಹೋಯಿತು.

ಅದು ತೊಂಬತ್ತರ ದಶಕದ ಕೊನೆ. ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಎರಡೂ ಹೆರಿಗೆಗೆ ನನ್ನ ಹೊಟ್ಟೆ ಕೊಯ್ದಿದ್ದರು. ಎರಡನೆಯ ಸಲ ರಕ್ತದೊತ್ತಡ ಏರಿ ನಾನು ಉಳಿದದ್ದೇ ಹೆಚ್ಚು. ಮೂರನೆಯದರ ಯೋಚನೆಯನ್ನೂ ಮಾಡಬೇಡಿ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಆಪರೇಷನ್ ಯಾರಿಗೆ, ಯಾವಾಗ ಎಂದು ತೀರ್ಮಾನವಾಗುವವರೆಗೆ ಯಜಮಾನರು ಅಂಗಡಿಯಿಂದ ಕಾಂಡೋಮ್ ತಂದರೆ ಸಾಕಿತ್ತು. ಗುರುತಿನವರು ಕಂಡಾರು ಎಂದು ಅವರು ನಮ್ಮ ಬೀದಿಯ ಅಂಗಡಿ ಬಿಟ್ಟು ಜಯನಗರದವರೆಗೂ ಹೋದರು. ಬರುವಾಗ ತಂದದ್ದು ಕೆಮ್ಮಿನ ಸಿರಪ್. "ಅಂಗಡೀಲಿ ಲೇಡೀಸ್ ಇದ್ರು ಕಣೇ" ಎಂದರು. ಮುಂದಿನ ವಾರ ಹೋದಾಗ ಆಫೀಸಿನವರು ಯಾರೋ ಎದುರಾದರಂತೆ. ಮತ್ತೊಂದು ಸಿರಪ್ ಬಂತು. ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ.

ಮೂರನೆಯ ಸಲ ನಾನೂ ಸ್ಕೂಟರಿನ ಹಿಂದೆ ಕೂತು ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಯಜಮಾನರು ಕೌಂಟರಿನ ಮೇಲೆ ಬಗ್ಗಿ ಏನೋ ಪಿಸುಗುಟ್ಟಿದರು.

"ಸ್ವಲ್ಪ ಜೋರಾಗಿ ಹೇಳಿ ಸಾರ್, ಕೇಳಿಸ್ಲಿಲ್ಲ" ಎಂದ ಅಂಗಡಿಯವನು.

"ಕೆಮ್ಮಿಗೆ ಏನಾದ್ರೂ ಕೊಡಿ."

"ಒಣ ಕೆಮ್ಮಾ ಸಾರ್, ಕಫ ಇದ್ಯಾ?"

"ಎರಡೂ ಇದೆ."

ನಾನು ಮುಂದೆ ಹೋಗಿ ಬೇಕಾದ್ದರ ಹೆಸರು ಹೇಳಿದೆ. ಅಂಗಡಿಯವನು ನನ್ನ ಮುಖ ನೋಡಲಾರದೆ, ಪೊಟ್ಟಣವನ್ನು ಹಳೆ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಪೇಪರು ಸುತ್ತಿ, ದಾರ ಕಟ್ಟಿ ಕೊಟ್ಟ. ಮದುವೆ ಮನೆಯ ತಾಂಬೂಲವನ್ನೂ ಯಾರೂ ಅಷ್ಟು ಜೋಪಾನವಾಗಿ ಕಟ್ಟಿಕೊಡುವುದಿಲ್ಲ. ಯಜಮಾನರು ಆ ಹೊತ್ತಿಗೆ ಸ್ಕೂಟರಿನ ಪಕ್ಕ ನಿಂತು ಆಕಾಶ ನೋಡುತ್ತಿದ್ದರು. ಅಂದಿನಿಂದ ಹಾಲು, ತರಕಾರಿ, ಮಕ್ಕಳ ಯೂನಿಫಾರ್ಮಿನ ಜೊತೆ ಇದೂ ನನ್ನ ಕೆಲಸವಾಯಿತು.

ಆಪರೇಷನ್ ಗಂಡಸಿಗೆ ಬಹಳ ಸುಲಭ, ನಿಮಗೆ ಮತ್ತೆ ಹೊಟ್ಟೆ ಕೊಯ್ಯುವುದು ಬೇಡ ಎಂದು ಡಾಕ್ಟರಮ್ಮ ಹೇಳಿದ್ದನ್ನು ಮನೆಗೆ ಬಂದು ಹೇಳಿದೆ. "ನಮ್ಮನೇಲಿ ಗಂಡಸರಿಗೆ ಕತ್ತರಿ ಹಾಕ್ಸೋ ಪದ್ಧತಿ ಇಲ್ಲಮ್ಮ" ಎಂದರು ಅತ್ತೆ. ನನ್ನ ಹೊಟ್ಟೆಯನ್ನು ಎರಡು ಸಲ ಕೊಯ್ದದ್ದು ಯಾವ ಪದ್ಧತಿ ಎಂದು ಕೇಳಬೇಕೆನಿಸಿತು. ಯಜಮಾನರು ಬೆಳಗಿನ ವಾಕಿಂಗ್ ಮಿತ್ರರ ಸಲಹೆ ಪಡೆದು ಬಂದರು. ಅವರಲ್ಲೊಬ್ಬರ ಊರಿನಲ್ಲಿ ಯಾರೋ ಹೀಗೆ ಮಾಡಿಸಿಕೊಂಡು, ಆಮೇಲೆ ಒಂದು ಕೊಡ ನೀರು ಎತ್ತಲೂ ಆಗದೆ ಹೋದನಂತೆ. ಅದಕ್ಕೆ ಮುಂಚೆ ಆತ ಕೊಡ ಎತ್ತಿದ್ದನ್ನು ಕಂಡವರುಂಟೇ ಎಂದು ಕೇಳಿದೆ. ಅಷ್ಟು ವಿವರ ಅವರಿಗೆ ಗೊತ್ತಿರಲಿಲ್ಲ.

ವಾದ ಮಾಡಿ ಸಾಕಾಗಿ, ನಾನೇ ಮಾಡಿಸಿಕೊಳ್ಳುತ್ತೇನೆ ಎಂದು ಹೇಳಿ ದಿನ ಗೊತ್ತು ಮಾಡಲು ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಹೊರಗೆ ಗಂಡಂದಿರೆಲ್ಲ ಸ್ಕೂಟರುಗಳ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಮ್ಮವರೂ ಒಂದು ಪೇಪರ್ ಬಿಡಿಸುವುದರಲ್ಲಿದ್ದರು. ನರ್ಸ್ ಬಿಡದೆ ಒಳಗೆ ಕರೆದಳು.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ನೇರವಾಗಿ ಅವರಿಗೇ ಹೇಳಿದರು: "ಬಿ.ಪಿ. ಇದೆ, ರಕ್ತ ಕಮ್ಮಿ ಇದೆ. ಆದ್ರೂ ಮಾಡ್ತೀನಿ. ಆಮೇಲೆ ಇವರು ತಿಂಗಳುಗಟ್ಟಲೆ ಭಾರ ಎತ್ತೋ ಹಾಗಿಲ್ಲ. ನೀರು ಹಿಡಿಯೋದು, ಬಟ್ಟೆ ಒಗೆಯೋದು, ಮಕ್ಕಳ ಡಬ್ಬಿ, ನಿಮ್ಮ ತಾಯಿಯವರ ಅಡುಗೆ, ಎಲ್ಲಾ ನೀವೇ ನೋಡ್ಕೋಬೇಕು."

ಯಜಮಾನರು ತುಸು ಹೊತ್ತು ಗೋಡೆಯ ಮೇಲಿದ್ದ ಮಗುವಿನ ಚಿತ್ರ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಮೇಡಂ, ನಂದಾದ್ರೆ ಎಷ್ಟು ದಿನ?"

ಹೆಂಡತಿಯ ಜೀವ, ಆರೋಗ್ಯ, ಹಕ್ಕು ಇವೆಲ್ಲ ಮಾಡಲಾಗದ ಕೆಲಸವನ್ನು ಮಕ್ಕಳ ಊಟದ ಡಬ್ಬಿ ಮಾಡಿತು. ಆಪರೇಷನ್ ಎಷ್ಟು ಬೇಗ ಮುಗಿಯಿತೆಂದರೆ ನಾನು ಕ್ಯಾಂಟೀನಿನಲ್ಲಿ ಹೇಳಿದ ಕಾಫಿ ಇನ್ನೂ ಬಂದಿರಲಿಲ್ಲ. ಎರಡು ದಿನ ವಿಶ್ರಾಂತಿ ಸಾಕು ಎಂದರು ಡಾಕ್ಟರಮ್ಮ. ಯಜಮಾನರು ವಾರಗಟ್ಟಲೆ ಮಲಗಿದರು. ಅತ್ತೆಗೂ ಅಕ್ಕಪಕ್ಕದವರಿಗೂ ಹರ್ನಿಯಾ ಎಂದು ಹೇಳಿಯಾಗಿತ್ತು. ಎಳನೀರು, ಮೂಸಂಬಿ ಹಿಡಿದುಕೊಂಡು ಜನ ಬಂದರು. "ಹರ್ನಿಯಾ ಅಂದ್ರೆ ಹುಡುಗಾಟ ಅಲ್ಲ ಸಾರ್, ರೆಸ್ಟ್ ತಗೊಳ್ಳಿ" ಎಂದು ಎದುರು ಮನೆಯವರು ಅವರ ಕೈ ಅದುಮಿದರು. ಇದೇ ಜನ ನನ್ನ ಎರಡನೆಯ ಬಾಣಂತನಕ್ಕೆ ಬಂದು, "ಇದೂ ಹೆಣ್ಣಾ?" ಎಂದು ಕೇಳಿ, ಕಾಫಿ ಕುಡಿದು ಎದ್ದು ಹೋಗಿದ್ದರು. ಕೊನೆಯ ಪರೀಕ್ಷೆಯಲ್ಲಿ ಎಲ್ಲ ಸರಿ ಎಂದು ಗೊತ್ತಾಗುವವರೆಗೆ ಎಚ್ಚರಿಕೆ ಬೇಕಿದ್ದುದರಿಂದ ಅಂಗಡಿಯ ಕೆಲಸ ಮಾತ್ರ ನನಗೆ ಇನ್ನೂ ಕೆಲವು ತಿಂಗಳು ತಪ್ಪಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ನೆಂಟರ ಹೆಂಗಸರಿಗೆಲ್ಲ ಈ ವಿಷಯದಲ್ಲಿ ಉಪನ್ಯಾಸಕಿಯಾಗಿಬಿಟ್ಟೆ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ನಾಲ್ಕು ಜನ ಸಿಕ್ಕಿದರೆ ಶುರು. ಹೀಗಿರುವಾಗ ಒಂದು ಭಾನುವಾರ ಉತ್ತರಹಳ್ಳಿಯಿಂದ ನನ್ನ ತಮ್ಮನ ಹೆಂಡತಿ ವೀಣಾ ಫೋನ್ ಮಾಡಿದಳು. ಅವಳಿಗೂ ಎರಡು ಮಕ್ಕಳು.

"ಅಕ್ಕ, ಡಾಕ್ಟರು ಇವರಿಗೇ ಮಾಡ್ಸಿ ಅಂತಿದಾರೆ. ಇವರು ಇಲ್ಲೇ ಕೂತಿದಾರೆ, ನೀವು ಒಂದ್ಮಾತು ಹೇಳಿದ್ರೆ ಒಪ್ಕೋತಾರೆ."

ಇಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತು ನನ್ನ ಬಾಯಿಂದ ಹೊರಡಬೇಕಿತ್ತು. ಹೊರಟದ್ದು ಬೇರೆ. "ಅವನಿಗೆ ಚಿಕ್ಕಂದಿನಿಂದಲೂ ಸೂಜಿ ಅಂದ್ರೆ ಆಗಲ್ಲ ಕಣೇ ವೀಣಾ" ಎಂದೆ.

"ನಂಗೂ ಆಗಲ್ಲ ಅಕ್ಕ" ಎಂದಳು.

ಯಜಮಾನರು ಪಕ್ಕದಲ್ಲೇ ಬಟಾಣಿ ಸುಲಿಯುತ್ತಿದ್ದರು. ವಿಷಯ ಅರ್ಥವಾಗಿರಬೇಕು. "ಫೋನ್ ಕೊಡಿಲ್ಲಿ, ನಾನ್ ಹೇಳ್ತೀನಿ ಅವನಿಗೆ" ಎಂದು ಕೈ ಚಾಚಿದರು. ನನ್ನ ತಮ್ಮ ಲೈನಿಗೆ ಬಂದೊಡನೆ, ತಮಗೆ ಆದ ಆಪರೇಷನ್ ಯಾವುದು, ಎಲ್ಲಿ ಹೇಗೆ ಮಾಡಿದರು ಎಂಬುದನ್ನೆಲ್ಲ ಸ್ಪಷ್ಟವಾಗಿ, ಅದರದರ ಹೆಸರು ಹಿಡಿದೇ, ಎತ್ತರದ ದನಿಯಲ್ಲಿ ವಿವರಿಸತೊಡಗಿದರು. ಅಡುಗೆಮನೆಯಲ್ಲಿ ಅತ್ತೆಯ ಸೌಟಿನ ಸದ್ದು ನಿಂತಿತು.

ಎದುರು ಮನೆಯವರಿಗೆ ಎಲ್ಲಿ ಕೇಳಿಸೀತೋ ಎಂದು ನಾನು ಎದ್ದುಹೋಗಿ ಕಿಟಕಿ ಮುಚ್ಚಿದೆ.