ಸಿನಿಮಾಕ್ಕೆ ಪ್ರಸ್ಥಾನ ಇಟ್ಟದ್ದು

ಸೇಡಂನ ರಘೂತ್ತಮರಾಯರು ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗಿದ್ದರು. ಹೆಡ್‌ಮಾಸ್ತರಿಕೆ ಮಾತ್ರ ಅವರಿಂದ ನಿವೃತ್ತವಾಗಿರಲಿಲ್ಲ. ಕದ್ದು ನಕಲು ಮಾಡಿದ ಸಿನಿಮಾ ನೋಡಿದವರು ನರಕದಲ್ಲಿ ಬರೀ ಜಾಹೀರಾತು ನೋಡುತ್ತ ಕೂಡಬೇಕೆಂಬುದು ಅವರ ಸಿದ್ಧಾಂತ. ಹೀಗಾಗಿ ಹೆಂಡತಿ ಸೀತಾಬಾಯಿ ಒಂದು ಪತ್ತೇದಾರಿ ಸಿನಿಮಾದ ಸಿ.ಡಿ. ಬಾಡಿಗೆಗೆ ತರೋಣವೆಂದಾಗ ಮನೆ ಕುರುಕ್ಷೇತ್ರವಾಯಿತು.

“ಮಜೀದಸಾಬನ ಅಂಗಡಿಯಾಗಿಂದು ಅಸಲಿ ಕಂಪನಿ ಸಿ.ಡಿ. ಅದರಿ. ಮ್ಯಾಲೆ ಮಿಂಚೋ ಚೀಟಿನೂ ಅದ.”

“ಮಿಂಚೋ ಚೀಟಿ ನನ್ನ ಛತ್ರಿಗೂ ಇತ್ತು. ಮೊದಲನೇ ಮಳಿಗೇ ಸೋರಿತು! ನಾ ಇಂಟರ್ನೆಟ್ಟಿನಾಗ ಕಾಯ್ದೆ ಪ್ರಕಾರ ಇಳಿಸ್ತೀನಿ. ನಡೀಲಿಲ್ಲಂದ್ರ ಮಜೀದಸಾಬನ ಮೆಟ್ಟಲಾ ನಾನೇ ಹತ್ತತೀನಿ!”

ಈ ಭೀಷ್ಮಪ್ರತಿಜ್ಞೆಗೆ ಸಾಕ್ಷಿ ಬೇಡವೆ? ಚಿತ್ತಾಪುರದಲ್ಲಿದ್ದ ಹೆಂಡತಿಯ ಅಣ್ಣ ವಿಠ್ಠಲರಾಯರಿಗೆ ಫೋನು ಹೋಯಿತು. ರವಿವಾರ ಸಂಜೆ ಸಂಸಾರ ಸಮೇತ ಬರಬೇಕು.

“ರೊಕ್ಕ ಬ್ಯಾಂಕಿನ ಕಾರ್ಡಿನಿಂದ ಕಟ್ಟೋದು. ಸಿನಿಮಾ ನಮ್ಮ ಕಂಪ್ಯೂಟರಿಗೆ ಇಳೀತದ. ತಿಂಗಳತನಕ ಹಾಂಗೇ ಇಟ್ಟುಕೋಬಹುದು. ಒಮ್ಮೆ ಚಾಲೂ ಮಾಡಿದ್ರ ಮಾತ್ರ ಒಂದು ಹಗಲು ಒಂದು ರಾತ್ರಿಯೊಳಗ ನೋಡಿ ಮುಗಿಸಬೇಕು. ಆಮ್ಯಾಲೆ ತಾನೇ ಕೀಲಿ ಹಾಕ್ಕೋತದ. ಬ್ಯಾರೆಯವರ ಕಂಪ್ಯೂಟರಿಗೆ ಒಯ್ದ್ರ ಮಾರೀನೇ ತೋರಸಂಗಿಲ್ಲ.”

“ಭಾಳ ಪತಿವ್ರತಾ ಸಿನಿಮಾ ಬಿಡ್ರಿ!” ಅಂದರು ವಿಠ್ಠಲರಾಯರು.

ಅಡಿಗೆಮನೆಯಲ್ಲಿ ಸೀತಾಬಾಯಿಯ ಕಿವಿ ಇದನ್ನೆಲ್ಲ ಕೇಳಿಸಿಕೊಂಡಿತು.

ಟೆಲಿಫೋನ್ ತಂತಿಯಲ್ಲಿ ಸಿನಿಮಾ ಇಳಿಯುವ ವೇಗವೆಂದರೆ, ನಾಯಕನ ತಲೆ ಸೇಡಂ ಮುಟ್ಟಿದಾಗ ಅವನ ಕಾಲು ಇನ್ನೂ ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸುತ್ತಿತ್ತು. ಅಷ್ಟರಲ್ಲಿ ಮಳಖೇಡದ ಸಿಮೆಂಟು ಚೀಲ ತುಂಬಿ, ಮನೆಯಾಗಿ, ಆ ಮನೆಗೆ ಬಾಡಿಗೆಯವರೂ ಬಂದರು. ಅಂತೂ ಶನಿವಾರ ಸಿನಿಮಾ ಪೂರ್ತಿ ಇಳಿಯಿತು.

ಆಗ ರಾಯರು ಪಂಚಾಂಗ ತೆರೆದರು. ಸಿನಿಮಾ ಸುರುವಾಗಬೇಕಾದ ರವಿವಾರ ಸಂಜೆ ನಾಲ್ಕೂವರೆಗೆ ಸರಿಯಾಗಿ ರಾಹುಕಾಲ! ಆದರೆ ರಾಹುವಿಗೆ ಮದ್ದು ಹಿರಿಯರೇ ಹೇಳಿಟ್ಟಿದ್ದಾರಲ್ಲ. ಹೊರಡುವ ಹೊತ್ತು ಕೆಟ್ಟದ್ದಿದ್ದರೆ ಹಿಂದಿನ ದಿನವೇ ಒಳ್ಳೆ ಮುಹೂರ್ತದಲ್ಲಿ ಒಂದು ಚೀಲವನ್ನು ನೆರೆಮನೆಯಲ್ಲಿ ಇಟ್ಟುಬರುವುದು, ಅದೇ ಪ್ರಸ್ಥಾನ. ಚೀಲ ಹೊರಟರೆ ಯಜಮಾನ ಹೊರಟಂತೆ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ರಾಯರು ಕಂಪ್ಯೂಟರಿಗೆ ಕುಂಕುಮವಿಟ್ಟು ಸಿನಿಮಾ ಚಾಲೂ ಮಾಡಿದರು. ಹೆಸರುಗಳು ಮೂಡುತ್ತಲೇ ನಿಲ್ಲಿಸಿದರು.

“ಪ್ರಸ್ಥಾನ ಆತು! ಇನ್ನ ರಾಹು ಏನೂ ಮಾಡಂಗಿಲ್ಲ.”

“ರಾಹುಗೆ ಮಾಡಲಿಕ್ಕೆ ನೀವೇನು ಉಳಸೀರಿ?” ಅಂದರು ಸೀತಾಬಾಯಿ.

ರವಿವಾರ ವಿಠ್ಠಲರಾಯರ ಸಂಸಾರ ಜೀಪಿನಿಂದ ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು. ಸಿನಿಮಾದಲ್ಲಿ ಮದುವೆಮನೆ, ಅಲ್ಲೊಂದು ಕೊಲೆ. ಮಾಡಿದವನು ಅಡಿಗೆಯವನೋ, ಡಾಕ್ಟರೋ, ಸೋದರಮಾವನೋ? ಚಕ್ಕುಲಿ ಕೈಯಲ್ಲಿ ಹಾಗೇ ನಿಂತವು. ಕೊನೆಗೆ ಪತ್ತೇದಾರ ಬೆರಳೆತ್ತಿದ: “ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ!”

“ಒಂಚೂರು ನಿಲ್ಲಸ್ರಿ, ದೀಪ ಹಚ್ಚಿ ಬರ್ತೀನಿ,” ಎಂದು ಸೀತಾಬಾಯಿ ಎದ್ದರು. ರಾಯರು ನಿಲ್ಲಿಸಿದರು.

ದೀಪ ಹತ್ತಿತು. ಸಿನಿಮಾ ಹತ್ತಲಿಲ್ಲ. ಅವಧಿ ಮುಗಿದಿದೆ, ನೋಡಬೇಕಾದರೆ ಮತ್ತೆ ರೊಕ್ಕ ಕಟ್ಟಿ ಎಂದು ಕಂಪ್ಯೂಟರು ಇಂಗ್ಲೀಷಿನಲ್ಲಿ ಮರ್ಯಾದೆಯಿಂದಲೇ ಮರ್ಯಾದೆ ತೆಗೆಯಿತು.

“ನಿನ್ನಿ ದೀಪದ ಹೊತ್ತಿಗೆ ಹೊಂಟಿತ್ತಲ್ರಿ, ಇವತ್ತ ದೀಪದ ಹೊತ್ತಿಗೆ ಊರು ಮುಟ್ಟಿತು,” ಅಂದರು ಸೀತಾಬಾಯಿ.

ವಿಠ್ಠಲರಾಯರು ಚಕ್ಕಳಮಕ್ಕಳ ಹಾಕಿ ಕೂತರು. “ಮತ್ತ ಇಳಸ್ರಿ, ರಾಯರ. ಕೊಲೆಗಾರ ಸಿಗೋತನಕ ನಾವ್ಯಾರೂ ಚಿತ್ತಾಪುರಕ್ಕ ಹೋಗಂಗಿಲ್ಲ. ಸೀತಾ, ಅಡಿಗಿ ಏನವಾ?”

ಇನ್ನೊಮ್ಮೆ ಇಳಿಸುವಷ್ಟರಲ್ಲಿ ಈ ಸೈನ್ಯ ಮನೆಯ ಜೋಳವನ್ನಷ್ಟೇ ಅಲ್ಲ, ಕಣಜವನ್ನೂ ತಿಂದುಬಿಟ್ಟೀತು! ರಾಯರು ಶಾಲು ಮುಸುಕು ಹಾಕಿಕೊಂಡು ಮಜೀದಸಾಬನ ಮೆಟ್ಟಿಲು ಹತ್ತಿದರು.

“ಬರ್ರಿ ಸರ್, ಕುಂದ್ರಿ. ಆ ಸಿನಿಮಾ ಏನ್ರಿ? ಬಾಯಿಯವ್ರು ಮುಂಜಾನೇನೇ ಒಯ್ದಾರಲ್ರಿ! ‘ನಮ್ಮವ್ರು ಪ್ರಸ್ಥಾನ ಇಟ್ಟಾರ, ಸಂಜಿಗೆ ಬೇಕಾಗ್ತದ’ ಅಂದ್ರು.”

ರಾಯರು ಓಡಿದರು. ಓಣಿಯ ಮೂಲೆಯಲ್ಲೇ ಚಪ್ಪಾಳೆ ಕೇಳಿಸಿತು. ಮನೆ ಮುಟ್ಟುವಾಗ ಬೀಗರ ಸೈನ್ಯ ಜೀಪು ಹತ್ತುತ್ತಿತ್ತು. ಹೋಗುವ ದಾರಿಯಲ್ಲಿ ಮಜೀದಸಾಬನಿಗೆ ಕೊಟ್ಟುಹೋಗಲೆಂದು ಸಿ.ಡಿ. ವಿಠ್ಠಲರಾಯರ ಕಂಕುಳಲ್ಲಿತ್ತು.

“ಯಾರ್ರಿ? ಕೊಲೆಗಾರ ಯಾರು?”

“ಅಂವಾ ಅಂತ ಕನಸಿನಾಗೂ ಅನಿಸಿದ್ದಿಲ್ಲ ಬಿಡ್ರಿ!” ಎಂದರು ವಿಠ್ಠಲರಾಯರು. ಜೀಪು ಹೊರಟೇಹೋಯಿತು.

ರಾಯರು ಒಳಗೆ ಬಂದು ಕೈಜೋಡಿಸಿದರು. “ಸೀತಾ, ಬರೇ ಹೆಸರು ಹೇಳಿಬಿಡು.”

ಸೀತಾಬಾಯಿ ನಿಧಾನವಾಗಿ ಕನ್ನಡಕ ಏರಿಸಿ, ಪಂಚಾಂಗ ತೆರೆದು, ಬೆರಳು ಆಡಿಸಿದರು.

“ಹೊತ್ತು ಛಲೋ ಇಲ್ರಿ. ಈಗ ‘ಕೊಲೆಗಾರ ಯಾರಂದ್ರ...’ ಅಂತ ಇಷ್ಟೇ ಪ್ರಸ್ಥಾನ ಇಟ್ಟಿರ್ತೀನಿ. ಉಳಿದದ್ದು ನಾಳೆ ದೀಪ ಹಚ್ಚಿದ ಮ್ಯಾಲೆ.”