ನೀವು ಮೊದಲ ಇಳೀರಿ, ಬೀಗರ

ಕ್ರಿಯೆ, ಪ್ರತಿಕ್ರಿಯೆ ಎಂದರೆ ಹೊಸಪೇಟೆಯಲ್ಲಿ ನನ್ನ ಹೆಸರು ಹೇಳಬೇಕು. ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು ನಾನು. ನೀನು ಗೋಡೆಯನ್ನು ತಳ್ಳಿದರೆ ಗೋಡೆಯೂ ಅಷ್ಟೇ ಜೋರಾಗಿ ನಿನ್ನನ್ನು ತಳ್ಳುತ್ತದೆ ಎನ್ನುವ ಚಲನೆಯ ಮೂರನೇ ನಿಯಮವನ್ನು ನನ್ನಷ್ಟು ಚೆನ್ನಾಗಿ ಹೇಳಿಕೊಡುವವರು ಟಿ.ಬಿ. ಡ್ಯಾಂನಿಂದ ಕಂಪ್ಲಿಯವರೆಗೆ ಇನ್ನೊಬ್ಬರಿಲ್ಲ. ಇದನ್ನು ಬೇರೆಯವರು ಹೇಳಬೇಕಿತ್ತು. ಯಾರೂ ಹೇಳದ ಕಾರಣ ನಾನೇ ಹೇಳುತ್ತಿದ್ದೇನೆ!

ಆ ಭಾನುವಾರ ನಮ್ಮ ಮಗಳು ಸುಮಾಳ ಸಂಬಂಧ ಗಟ್ಟಿಯಾಗಬೇಕಿತ್ತು. ಹುಡುಗ, ಹುಡುಗಿ ಒಪ್ಪಿ ಆಗಿತ್ತು. ಹಿರಿಯರು ಸಕ್ಕರೆ ತಿನ್ನುವುದೊಂದು ಬಾಕಿ. ನಮ್ಮ ಕಡೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಪಕ್ಕಾ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಹುಡುಗನ ತಂದೆ ಪಂಪಣ್ಣನವರು ಕಂಪ್ಲಿಯಲ್ಲಿ ಅಕ್ಕಿ ಮಿಲ್ಲಿನ ಮಾಲೀಕರು. ಒಳ್ಳೆಯ ಮನುಷ್ಯ. ಆದರೆ ಹಲ್ಲಿ ಲೊಚಗುಟ್ಟಿದರೆ ಯಾವ ದಿಕ್ಕಿನಿಂದ ಎಂದು ವಿಚಾರಿಸುವವರು. ತಟ್ಟೆಯ ಕುಂಕುಮ ಚೆಲ್ಲಿತೆಂದು ಹಿಂದೊಂದು ಸಂಬಂಧ ಬಿಟ್ಟು ಎದ್ದು ಬಂದವರು. ಹೊಳೆಯಾಚೆ ಆನೆಗೊಂದಿ ಕಡೆ ಇರುವ ತಮ್ಮ ಮನೆದೇವರ ಮುಂದೆಯೇ ಸಕ್ಕರೆ ತಿನ್ನಬೇಕೆಂದು ಅವರ ಹಟ.

"ಬುಕ್ಕಸಾಗರದ ಸೇತುವಿ ಮ್ಯಾಲೆ ಕಾರಿನಾಗ ಹೋದ್ರ ಆತಲ್ರಿ," ಎಂದಳು ನನ್ನ ಹೆಂಡತಿ ಗಿರಿಜಾ.

"ಬೀಗರಿಗೆ ಹೊಳಿ ತೋರಸಬ್ಯಾಡೇನು? ತೆಪ್ಪದಾಗ ಹೋಗಾನು," ಎಂದೆ.

ಸುಮಾ ಬಾಗಿಲಲ್ಲಿ ನಿಂತು, "ಅಪ್ಪಾ, ಇವತ್ತೊಂದಿನ ಯಾರಿಗೂ ಪಾಠ ಮಾಡಬ್ಯಾಡಪಾ," ಎಂದು ಕೈಮುಗಿದಳು. ನಾನು ನಕ್ಕೆ. ಎಂಥ ಆತ್ಮವಿಶ್ವಾಸದ ನಗು!

ಹಂಪಿಯ ಹತ್ತಿರ ಹೊಳೆಗಿಳಿದು ನಾವಿಬ್ಬರು, ಪಂಪಣ್ಣನವರು, ಅವರ ಹೆಂಡತಿ ಗಂಗಮ್ಮನವರು ದುಂಡನೆಯ ತೆಪ್ಪದಲ್ಲಿ ಕುಳಿತೆವು. ಸಕ್ಕರೆ ಪೊಟ್ಟಣ ಪಂಪಣ್ಣನವರ ಅಂಗೈಯಲ್ಲಿ ಎಳೆಗೂಸಿನಂತೆ ಮಲಗಿತ್ತು. ಅಂಬಿಗ ಹುಟ್ಟು ಹಾಕಿದ್ದೇ ತಡ, ನನ್ನ ನಾಲಿಗೆ ತುರಿಸಿತು.

"ನೋಡ್ರಿ ಬೀಗರ, ಹುಟ್ಟು ನೀರನ್ನ ಹಿಂದಕ್ಕ ತಳ್ತೈತಿ. ನೀರು ನಮ್ಮನ್ನ ಮುಂದಕ್ಕ ತಳ್ತೈತಿ. ಇಳಿಯಾಗೂ ಹಂಗ. ನಾವು ದಂಡಿಗೆ ಜಿಗಿದ್ರ ತೆಪ್ಪ ಹಿಂದಕ್ಕ ಹೊಕ್ಕೈತಿ. ಅದಕ್ಕ ಜಿಗಿಯಬಾರದು. ಮೆಲ್ಲಕ ಕಾಲಿಡಬೇಕು."

"ಭಾಳ ತಿಳಕಂಡೀರಿ," ಎಂದರು ಪಂಪಣ್ಣನವರು. ನಾನು ಉಬ್ಬಿಹೋದೆ. ಆಚೆ ದಂಡೆ ಬರುವವರೆಗೂ ಪಾಠ ನಿಲ್ಲಿಸಲಿಲ್ಲ. ನನ್ನ ಬೆನ್ನ ಹಿಂದೆ ಹೆಂಗಸರಿಬ್ಬರೂ ತಮ್ಮ ಪಾಡಿಗೆ ಏನೋ ಪಿಸುಗುಡುತ್ತಿದ್ದರು.

ದಂಡೆ ಬಂತು. ಅಂಬಿಗ ಕೆಳಗಿಳಿದು ತೆಪ್ಪದ ಅಂಚು ಹಿಡಿದು ನಿಂತ. ಹಿಡಿಯುವವನಿದ್ದ, ನಿಯಮ ಗೊತ್ತಿತ್ತು, ನೀರು ಮೊಳಕಾಲುದ್ದ. ಅನಾಹುತಕ್ಕೆ ಎಡೆಯೇ ಇರಲಿಲ್ಲ! ಆದರೆ ವಿಜ್ಞಾನದ ಪುಸ್ತಕದಲ್ಲಿ ಬರೆಯದ ಒಂದು ಬಲ ನಮ್ಮ ನಾಡಿನಲ್ಲಿದೆ. ಅದರ ಹೆಸರು ಬೀಗರ ಮರ್ಯಾದೆ.

"ಇಳೀರಿ, ಬೀಗರ," ಎಂದೆ.

"ನೀವು ಮೊದಲ ಇಳೀರಿ."

"ಛೇ ಛೇ, ಗಂಡಿನ ಕಡೆಯೋರು ನೀವು."

"ಹೆಣ್ಣು ಕೊಡೋರು ದೊಡ್ಡೋರ್ರಿ. ನಡೀರಿ, ನಡೀರಿ."

ಇಬ್ಬರೂ ಎದ್ದು ನಿಂತಿದ್ದೆವು. ನಾನು ಅವರ ಭುಜಕ್ಕೆ ಕೈಹಚ್ಚಿ ಮೆಲ್ಲಗೆ ತಳ್ಳಿದೆ. ಅವರು ನನ್ನ ಬೆನ್ನಿಗೆ ಕೈಹಚ್ಚಿ ಅಷ್ಟೇ ಮೆಲ್ಲಗೆ ತಳ್ಳಿದರು. ನಾನು ತುಸು ಜೋರು ಮಾಡಿದೆ. ಅವರೂ ಮಾಡಿದರು. ಸಮ ಮತ್ತು ವಿರುದ್ಧ! ತೆಪ್ಪ ಗರಕ್ಕನೆ ತಿರುಗಿ ಅಂಬಿಗನ ಕೈಯಿಂದ ಜಾರಿತು.

"ಯಾರರ ಒಬ್ರು ಇಳೀರ್ರಿ ಯಪ್ಪಾ!" ಎಂದು ಅವನು ಕೂಗಿದ.

"ಆತು, ಹೆಂಗ ಇಳೀಬೇಕಂತ ನಾನ ತೋರಸ್ತೀನಿ," ಎಂದೆ. ತೋರಿಸುವ ಹುಮ್ಮಸ್ಸಿನಲ್ಲಿ ಜಿಗಿದೆ. ಹೌದು, ಜಿಗಿದೆ! ಯಾವುದನ್ನು ಮಾಡಬಾರದೆಂದು ಹೊಳೆಯುದ್ದಕ್ಕೂ ಹೇಳಿದ್ದೆನೋ ಅದನ್ನೇ ಮಾಡಿದೆ. ತೆಪ್ಪ ಮೂರನೇ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ಹಿಂದಕ್ಕೆ ಹೋಯಿತು. ನಾನು ದಂಡೆಗೂ ಇಲ್ಲ, ತೆಪ್ಪಕ್ಕೂ ಇಲ್ಲ. ಕೈಗೆ ಸಿಕ್ಕಿದ್ದು ಪಂಪಣ್ಣನವರ ಶಲ್ಯ. ಹಿಡಿದೆ. ಶಲ್ಯದ ಇನ್ನೊಂದು ತುದಿಯಲ್ಲಿ ಪಂಪಣ್ಣನವರಿದ್ದರು!

ದುಡುಂ!

ಕಣ್ಣೊರೆಸಿ ನೋಡಿದರೆ ಬೀಗರು ನನ್ನ ಪಕ್ಕದಲ್ಲೇ ಸೊಂಟದವರೆಗೆ ನೀರಲ್ಲಿ ಕುಳಿತಿದ್ದಾರೆ. ಕೈಯಲ್ಲಿ ಪೊಟ್ಟಣದ ಕಾಗದವಷ್ಟೇ ಇದೆ. ಸಕ್ಕರೆಯನ್ನು ತುಂಗಭದ್ರೆ ತಿಂದಿದ್ದಳು.

"ಸಕ್ರಿ ಹೊಳಿ ಪಾಲಾತಲ್ರಿ, ಮೇಷ್ಟ್ರ..." ಎಂದರು ಅವರು, ಖಾಲಿ ಕಾಗದ ಎತ್ತಿ ತೋರಿಸುತ್ತಾ. ಅಲ್ಲಿಯವರೆಗೆ ಬೀಗನಾಗಿದ್ದವನು ಒಂದೇ ಮುಳುಗಿಗೆ ಮತ್ತೆ ಬರೀ ಮೇಷ್ಟ್ರಾಗಿದ್ದೆ. ಬಾಗಿಲಲ್ಲಿ ಕೈಮುಗಿದು ನಿಂತ ಸುಮಾ ಕಣ್ಣ ಮುಂದೆ ಬಂದಳು. ಮಗಳಿಗೆ ಏನೆಂದು ಹೇಳಲಿ? ಮೂರನೇ ನಿಯಮದಿಂದಾಗಿ ನಿನ್ನ ಮದುವೆ ನಿಂತಿತು ಎಂದೇ? ಸುಳ್ಳೇಕೆ ಹೇಳಲಿ, ಅಳು ಬಂತು.

ಅಷ್ಟರಲ್ಲಿ ತೆಪ್ಪದ ಕಡೆಯಿಂದ ಗಂಗಮ್ಮನವರ ದನಿ ಕೇಳಿಸಿತು. ಅವರೂ ಗಿರಿಜಾಳೂ ಕುಳಿತಲ್ಲಿಂದ ಅಲುಗಿರಲಿಲ್ಲ.

"ಅದಕ್ಯಾಕ ಅಳ್ತೀರಿ, ಬೀಗರ? ನಾವು ನಡುಹೊಳ್ಯಾಗ ಆಗಲೇ ಸಕ್ರಿ ತಿಂದ್ವಿ!"

"ಮನಿದೇವ್ರ ಮುಂದ ಆಗಬೇಕಿತ್ತು," ಎಂದು ಪಂಪಣ್ಣನವರು ನೀರಿನಿಂದಲೇ ಗೊಣಗಿದರು.

"ಅಲ್ಲಿಂದ ಗುಡಿ ಶಿಖರ ಕಾಣ್ತಿತ್ತು. ಕೈಮುಗದು ತಿಂದ್ವಿ. ನಿಮ್ಮನ್ನ ಕರಿಯಾನಂದ್ರ ನೀವು ಪಾಠದಾಗ ಇದ್ರಿ."

"ನಾ ಮನಿಯಾಗಿಂದ ಬ್ಯಾರೆ ಸಕ್ರಿ ಕಟಗಂಡು ಬಂದಿದ್ನಿ," ಎಂದಳು ಗಿರಿಜಾ. "ಇಷ್ಟು ವರ್ಷ ಇವರ ಜತಿ ಬಾಳೇವು ಮಾಡೀನಿ. ನನಗ ಗೊತ್ತಿಲ್ಲೇನು?"

ಪಂಪಣ್ಣನವರು ಶಿಖರ ನೋಡಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ, "ಹೊಳೆವ್ವನೂ ತಿಂದ್ಲಲ್ಲ, ಅದೂ ಚಲೋನ ಆತು. ಏಳ್ರಿ, ಬೀಗರ," ಎಂದರು. ಆ ಒಂದು ಮಾತಿಗೆ ನನಗೆ ಹೋದ ಜೀವ ಬಂತು.

ದರ್ಶನ ಮುಗಿಸಿ ಅದೇ ತೆಪ್ಪದಲ್ಲಿ ಮರಳಿದೆವು. ಈ ಸಲ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ದಂಡೆ ಬಂದಾಗ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಸಲೀಸಾಗಿ ಇಳಿದು, ಮದುವೆ ಸೀರೆಯ ಮಾತಾಡುತ್ತಾ ಕಾರಿನ ಕಡೆ ಹೊರಟೇಬಿಟ್ಟರು. ಪಂಪಣ್ಣನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ನೀವು ಮೊದಲ" ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಹಾಗೇ ಕುಳಿತೆವು. ಕ್ರಿಯೆ ಇಲ್ಲ. ಪ್ರತಿಕ್ರಿಯೆಯೂ ಇಲ್ಲ!