ಗಂಟಲರಾಯರು ಗೆಲ್ಲಿಸಿದ ಪಂದ್ಯ

ಗಂಟಲರಾಯರು ಬೆಳಿಗ್ಗೆ ಎದ್ದು ಕಾಫಿಗಾಗಿ ಹೆಂಡತಿಯನ್ನು ಕೂಗಿದರು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಾಗ ಪಂಕ್ಚರಾದ ಟ್ಯೂಬಿನ ಹಾಗೆ ಸುಯ್ ಎಂದಿತು.

ರಾಯರ ಬದುಕು ನಿಂತಿದ್ದೇ ಗಂಟಲಿನ ಮೇಲೆ. ಸಾಬೂನು ಕಾರ್ಖಾನೆಯ ಸೈರನ್ ಕೆಟ್ಟಂದಿನಿಂದ ಗೇಟಿನ ಬಿಸಿಲಲ್ಲಿ ನಿಂತು, ಪಾಳಿ ಬದಲಾಯಿತೆಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದವರು ಅವರೇ. ಕಾರ್ಖಾನೆಯ ಹಾಕಿ ತಂಡ ಸೋತು ಸುಣ್ಣವಾದಾಗ, ಮೈದಾನದ ಆ ತುದಿಗೂ ಕೇಳಿಸುವಂಥ ಕೋಚ್ ಬೇಕೆಂದು ಮ್ಯಾನೇಜರು ಅವರನ್ನೇ ಎಳೆದು ತಂದರು. ಈ ದಿನದ ಪಂದ್ಯ ಗೆದ್ದರೆ ಹುದ್ದೆ ಕಾಯಂ: ನೆರಳು, ಕುರ್ಚಿ, ಫ್ಯಾನು. ಸೋತರೆ ಮತ್ತೆ ಗೇಟು. ಹೆಂಡತಿಯಂತೂ ತಮ್ಮ ಯಜಮಾನರು ಆಫೀಸರಾದರೆಂದು ಆಗಲೇ ಬೀದಿಗೆಲ್ಲ ಸಾರಿಯಾಗಿತ್ತು.

ತಂಡದ ರೋಗವೇ ಬೇರೆ. ಕಾರ್ಖಾನೆಯಲ್ಲಿ ಮೇಲಿನವರು ಹೇಳದೆ ಯಾರೂ ಒಂದು ಡಬ್ಬಿಯನ್ನೂ ಮುಟ್ಟುವಂತಿಲ್ಲ. ಆ ಅಭ್ಯಾಸ ಮೈದಾನಕ್ಕೂ ಬಂದಿತ್ತು. ಚೆಂಡು ಹತ್ತಿರ ಬಂದರೆ ಆಟಗಾರ ಮೊದಲು ಕತ್ತೆತ್ತಿ ರಾಯರ ಮುಖ ನೋಡುತ್ತಿದ್ದ. ರಾಯರು "ಹೊಡಿ" ಎನ್ನುವಷ್ಟರಲ್ಲಿ ಎದುರಾಳಿ ಹೊಡೆದಾಗಿರುತ್ತಿತ್ತು. ಅದಕ್ಕೆ ರಾಯರು ಕಂಡುಕೊಂಡ ಮದ್ದು ಇನ್ನೂ ಜೋರಾಗಿ ಕೂಗುವುದು.

ದನಿ ಹೋದ ಸುದ್ದಿಗೆ ಕಾಲು ಬಂತು. ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಹಿಡಿದು ಗಂಟಲಿಗೆ ಏನನ್ನೋ ಬಳಿದರು. ಅದರ ಉರಿ ಆರಲೆಂದು ಅತ್ತೆ ಬಿಸಿ ಉಪ್ಪುನೀರು ಮುಕ್ಕಳಿಸಲು ಕೊಟ್ಟರು. ಎದುರುಮನೆಯ ಟೀಚರಮ್ಮ ಶುಂಠಿರಸ ತಂದು, ಕುಡಿಯುವ ತನಕ ಬಾಗಿಲು ಬಿಟ್ಟು ಕದಲಲಿಲ್ಲ. ಮೂವರ ಉಪಕಾರವೂ ಮುಗಿದಾಗ ಸುಯ್ ಎನ್ನುತ್ತಿದ್ದದ್ದೂ ನಿಂತಿತ್ತು.

"ಮಾತಾಡಬೇಡಿ ರೀ, ಕೈಸನ್ನೆ ಮಾಡಿ," ಎಂದು ಹೆಂಡತಿ ಧೈರ್ಯ ಹೇಳಿ ಕಳಿಸಿದರು.

ಪಂದ್ಯ ಶುರುವಾಯಿತು. ಚೆಂಡು ಬಂತು, ಆಟಗಾರರು ರಾಯರತ್ತ ನೋಡಿದರು. ರಾಯರು ನೀರಿನಿಂದ ಹೊರಬಿದ್ದ ಮೀನಿನಂತೆ ಬಾಯಿ ಬಿಟ್ಟು, ಎರಡೂ ಕೈ ಮುಂದಕ್ಕೆ ಬೀಸಿದರು. ಗೋಲ್‌ಕೀಪರ್ ತನ್ನನ್ನೇ ಕರೆದರೆಂದು ಗೋಲು ಬಿಟ್ಟು ಓಡಿಬಂದ. ಎದುರಾಳಿ ತಂಡ ಆರಾಮಾಗಿ ಒಂದು ಗೋಲು ಹಾಕಿತು.

ವಿರಾಮದಲ್ಲಿ ಹನ್ನೊಂದು ಜನ ಸುತ್ತ ನಿಂತು ರಾಯರ ಬಾಯಿಗೆ ಕಿವಿ ಕೊಟ್ಟರು. ಏನೂ ಬರಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು. ತಮ್ಮ ಕುರ್ಚಿ, ಫ್ಯಾನು ಎಲ್ಲ ಕೈಬಿಟ್ಟು ಹೋಗುವುದನ್ನು ನೋಡಲಾರದೆ ಅವರು ಮೈದಾನಕ್ಕೆ ಬೆನ್ನು ಹಾಕಿ ಬೇಲಿಯ ಕಡೆ ಮುಖ ಮಾಡಿ ಕುಳಿತರು.

ಆಮೇಲಿನ ಗದ್ದಲವನ್ನೆಲ್ಲ ಅವರು ಸೋಲಿನ ಲೆಕ್ಕಕ್ಕೇ ಹಾಕಿಕೊಂಡರು. ಕೊನೆಗೆ ಆಟಗಾರರು ಬಂದು ಹೆಗಲ ಮೇಲೆ ಎತ್ತಿಕೊಂಡಾಗ, ಕೆರೆಗೆ ಹಾಕಲು ಹೊರಟರೆಂದೇ ಹೆದರಿ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಎದುರಿಗೆ ಕಾರ್ಖಾನೆಯ ಮಾಲೀಕರೇ ನಗುತ್ತ ನಿಂತಿದ್ದರು. ತಂಡ ಎರಡು ಗೋಲು ಹೊಡೆದು ಗೆದ್ದಿತ್ತು.

"ಇವರನ್ನ ಆರಿಸಿದ್ದು ನಾನೇ ಸಾರ್," ಎಂದರು ಮ್ಯಾನೇಜರು.

ಎರಡೂ ಗೋಲು ಹೊಡೆದವನು ಲೇಬಲ್ ಅಂಟಿಸುವವನು. ಗೆಲುವಿನ ಗುಟ್ಟೇನೆಂದು ಮಾಲೀಕರು ಅವನನ್ನು ಕೇಳಿದರು.

"ಗುಟ್ಟೇನಿಲ್ಲ ಸಾರ್. ಇವತ್ತು ಯಾರೂ ಏನೂ ಹೇಳ್ಲಿಲ್ಲ. ತಿರುಗಿ ನೋಡಿದ್ರೆ ರಾಯರ ಬೆನ್ನು. ಎಷ್ಟು ಹೊತ್ತು ಅಂತ ಕಾಯೋದು? ಹೊಡೆದ್ವಿ."

ಮಾಲೀಕರು ಯೋಚಿಸಿದರು. "ಹಾಗಾದ್ರೆ ನಮಗೆ ಕೋಚ್ ಯಾಕ್ರೀ?"

"ನಾನೂ ಅದನ್ನೇ ಯೋಚಿಸ್ತಿದ್ದೆ ಸಾರ್," ಎಂದರು ಮ್ಯಾನೇಜರು.

ಅವಮಾನದ ಮಹಿಮೆಯೋ ಶುಂಠಿಯದೋ, ರಾಯರ ಗಂಟಲು ಆ ಕ್ಷಣವೇ ತೆರೆದುಕೊಂಡಿತು.

"ಸಾರ್, ಗೆಲ್ಸಿದ್ದು ನಾನು!"

ಬೇಲಿಯ ಮೇಲಿನ ಹಕ್ಕಿಗಳು ಹಾರಿದವು. ಹನ್ನೊಂದು ಜನ ಆಟಗಾರರೂ ಅಭ್ಯಾಸಬಲದಿಂದ ಅಪ್ಪಣೆಗಾಗಿ ತಿರುಗಿ ನಿಂತರು. ಮಾಲೀಕರು ಕಿವಿಯಿಂದ ಕೈ ತೆಗೆದು ಮೆಚ್ಚುಗೆಯಿಂದ ನೋಡಿದರು.

"ಎಂಥ ದನಿ ರೀ ಇದು. ಇಂಥವರನ್ನ ಮೈದಾನದಲ್ಲಿ ಹಾಳು ಮಾಡ್ತಿದ್ದೀರಲ್ಲ," ಎಂದು ಮ್ಯಾನೇಜರನ್ನು ಗದರಿದರು. "ಸೈರನ್ ರಿಪೇರಿ ಬೇಡ. ಗೇಟಿಗೆ ಇವರನ್ನೇ ಕಾಯಂ ಮಾಡಿ."

ಸಂಜೆ ಕಾಂಪೌಂಡರು, ಅತ್ತೆ, ಟೀಚರಮ್ಮ ಮೂವರೂ ದನಿ ಬಂದದ್ದು ತಂತಮ್ಮ ಮದ್ದಿನಿಂದಲೇ ಎಂದು ಜಗಳವಾಡಿದರು. ಹೆಂಡತಿ ಮಾತ್ರ ಮನೆಮನೆಗೂ ಹೋಗಿ, ಯಜಮಾನರ ಕೆಲಸ ಕಾಯಂ ಆಯಿತೆಂದು ತಿಳಿಸಿ ಬಂದರು. ಯಾವ ಕೆಲಸ ಎಂದು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅದು ಬೀದಿಗೆಲ್ಲ ಕೇಳಿಸಿತು.